ಹುಣಸೆಹಣ್ಣು ಹಾಕಿ ತೊಳೆದ ಬೊಕ್ಕಸ

“ಕೇಳಿರಪ್ಪೋ ಕೇಳಿ. ಬೊಕ್ಕಸದ ಲೋಹ ಮಾಯವಾಗಿದೆ. ದೊರೆಗಳು ಮೂರು ಒಗಟು ಇಟ್ಟಿದ್ದಾರೆ. ಬಿಡಿಸಿ ತೋರಿಸಿದವರಿಗೆ ಕೇಳಿದ್ದು ಸಿಗುತ್ತದೆ, ತಪ್ಪಿದವರಿಗೆ ಗಲ್ಲು. ಯಾರೂ ಬಿಡಿಸದಿದ್ದರೆ ಅಮಾವಾಸ್ಯೆಗೆ ಕಾವಲಿನ ಭೈರಣ್ಣನಿಗೆ ಗಲ್ಲು.”

ಹೀಗಂತ ಹೊಳೆನಾಡಿನ ಬೀದಿಬೀದಿಯಲ್ಲಿ ಡಂಗುರ ಹೊಡೆದರು. ಹೋದದ್ದು ಅವರ ಲೋಹ, ಉರುಳಬೇಕಾದ್ದು ಮಂದಿಯ ತಲೆ. ಅಲ್ಲ, ಆ ಲೋಹ ತಂದವನು ಯಾರು? ರಾಣಿಯ ತಮ್ಮ ನಂಜರಾಜ. “ಇದಕ್ಕೆ ಸೀರಿಯಂ ಅಂತಾರೆ ಭಾವ. ಬಲು ಅಪರೂಪ, ಇಟ್ಟಷ್ಟೂ ಬೆಲೆ ಏರುತ್ತದೆ” ಎಂದು ದೊರೆಯ ಕಿವಿ ಊದಿ, ಬೊಕ್ಕಸದ ಬಂಗಾರವನ್ನೆಲ್ಲ ಒಯ್ದು, ಎಣ್ಣೆ ಜಾಡಿಗಳಲ್ಲಿ ಮುಳುಗಿಸಿದ ಬೂದುಬಣ್ಣದ ಗಟ್ಟಿಗಳನ್ನು ತಂದಿಟ್ಟ. ಅದೇ ವರ್ಷ ಅವನದು ಮೂರಂತಸ್ತಿನ ಮನೆ ಎದ್ದಿತು. ಎಲ್ಲಿಂದ ಬಂತಪ್ಪ ಅಂತ ಕೇಳುವ ಗಂಡಸು ಆಸ್ಥಾನದಲ್ಲಿ ಒಬ್ಬನೂ ಇರಲಿಲ್ಲ.

ಯುಗಾದಿಗೆ ಬೀಗ ತೆಗೆದರೆ ಗಟ್ಟಿಗಳಿಲ್ಲ, ಮಾಸಲು ಹಿಟ್ಟಿದೆ. ಕಳ್ಳ ಯಾರು? ಬಡವನೇ ಸಿಗಬೇಕಲ್ಲ, ಭೈರಣ್ಣನನ್ನು ಸೆರೆಗೆ ನೂಕಿದರು.

ದೊರೆಯ ಮೊದಲ ಒಗಟು ಇದು: “ಬಾಗಿಲು ತೆರೆಯದೆ, ಬೀಗ ಮುರಿಯದೆ, ಒಳಗೇ ಇದ್ದು ಲೋಹ ತಿಂದವರು ಯಾರು?”

ಜೋಯಿಸರು ಯಕ್ಷಿಣಿ ಅಂದರು. “ಹಾಗಾದರೆ ಕರೆಯಿರಿ” ಎಂದ ದೊರೆ. ಅವಳು ಬರಲಿಲ್ಲ, ಜೋಯಿಸರು ಗಲ್ಲಿಗೆ ಹೋದರು. ಸೆಟ್ಟರ ಮಗ ಇಲಿ ಅಂದ. ನಂಜರಾಜನ ಮನೆಯಲ್ಲಿ ಉಳಿದಿದ್ದ ಒಂದೇ ಗಟ್ಟಿಯನ್ನು ತರಿಸಿ ಇಲಿಗಳ ಮುಂದಿಟ್ಟರು. ಮೂಸಿ ಓಡಿದವು, ಅವನಿಗೂ ಗಲ್ಲಾಯಿತು. ಆ ಹುಡುಗನ ತಾಯಿ ಅರಮನೆ ಬಾಗಿಲಲ್ಲಿ ಬಿದ್ದು ಹೊರಳಿದಳು. ಯಾರೂ ಎಬ್ಬಿಸಲಿಲ್ಲ.

ಆಗ ಬಂದವಳು ಸಂಕವ್ವ. ಭೈರಣ್ಣನ ಮಗಳು, ಅರಮನೆಯ ಪಾತ್ರೆ ತಿಕ್ಕುವವಳು.

“ತಿಂದದ್ದು ಗಾಳಿ ಮತ್ತು ನೀರು, ಬುದ್ಧೀ. ಬಡಿಸಿದವಳು ನಾನು.”

“ಏನು ಬೊಗಳುತ್ತೀಯೆ?” ದೊರೆ ಗದರಿದ.

“ದೀಪಾವಳಿಗೆ ಬೊಕ್ಕಸದ್ದೆಲ್ಲ ಹುಣಸೆಹಣ್ಣು ಹಾಕಿ ತೊಳೆದು ಪೂಜೆಗೆ ಇಡುವುದು ಪದ್ಧತಿ ಅಲ್ಲವಾ? ‘ಲಕ್ಷ್ಮಿ ಮೈಮೇಲೆ ಜಿಡ್ಡೇ? ಎಣ್ಣೆ ಚೆಲ್ಲಿ ತಿಕ್ಕೇ’ ಅಂದರು ರಾಣಿಯಮ್ಮ. ಉಪ್ಪಿನಕಾಯಿ ಹಾಗೆ ಇದೂ ಎಣ್ಣೆ ಇಲ್ಲದಿದ್ದರೆ ಕೆಡುತ್ತದೇನೋ ಅಂದೆ. ಕೆನ್ನೆಗೆ ಬಿತ್ತು. ತೊಳೆದದ್ದನ್ನು ಒದ್ದೆಯಲ್ಲೇ ಒಳಗಿಟ್ಟು ಬೀಗ ಹಾಕಿದರು. ಹಾಳಾದ ಮೇಲೆ, ಬಾಯಿ ಬಿಟ್ಟರೆ ನಾಲಿಗೆ ಕೊಯ್ಯಿಸುತ್ತೀನಿ ಅಂದರು.”

ರಾಣಿ ಸೆರಗಿನಿಂದ ಬೆವರು ಒರೆಸಿಕೊಂಡಳು.

ಸಂಕವ್ವ ಉಳಿದಿದ್ದ ಗಟ್ಟಿಯ ಎಣ್ಣೆ ಒರೆಸಿ, ಕೆಳಗೆ ಒಂದು ಹಿಡಿ ಅರಳೆ ಇಟ್ಟು, ಚಾಕುವಿನಿಂದ ಗರಗರ ಕೆರೆದಳು. ಕಿಡಿ ಹಾರಿ ಅರಳೆ ಹೊತ್ತಿಕೊಂಡಿತು. ಕೊಯ್ದ ಕಡೆ ಬೆಳ್ಳಿಯ ಹಾಗೆ ಹೊಳೆದದ್ದು ನೋಡನೋಡುತ್ತ ಮಂಕಾಯಿತು.

“ಎರಡನೆಯದು. ಉಳಿದ ಹಿಟ್ಟು ಉಣ್ಣಲು ಬಾರದು, ಉರಿಸಲು ಬಾರದು. ಯಾತಕ್ಕೆ ಬಂದೀತು?”

ಅವಳು ಒದ್ದೆ ಬಟ್ಟೆಗೆ ಹಿಟ್ಟು ಮೆತ್ತಿ, ಗೀರುಬಿದ್ದು ಮಬ್ಬಾಗಿದ್ದ ಗಾಜಿನ ಹಣತೆಯನ್ನು ತಿಕ್ಕತೊಡಗಿದಳು. ತೋಳು ಸೋಲುವ ತನಕ ತಿಕ್ಕಿ ಎತ್ತಿ ಹಿಡಿದರೆ ನೀರಿನ ಹಾಗೆ ತಿಳಿ.

“ಮೂರನೆಯದು. ಬಂಗಾರ ಕೊಟ್ಟು ಇದನ್ನು ಕೊಂಡದ್ದು ಲಾಭವೋ, ನಷ್ಟವೋ?”

“ಬಂಗಾರ ಇಟ್ಟಲ್ಲಿ ಇರುತ್ತದೆ ಬುದ್ಧೀ. ಇದನ್ನು ಕೂಡಿಟ್ಟು ಕಾಯುವುದು ಹುಚ್ಚು. ಬೆಂಕಿ ಬೇಕಾದವನಿಗೆ, ಗಾಜು ಉಜ್ಜುವವನಿಗೆ ಮಾರಿದರೆ ಮಾತ್ರ ಇದಕ್ಕೆ ಬೆಲೆ. ಕೊಳ್ಳುವವರು ಯಾರು ಅಂತ ನೀವು ಕೇಳಿದಿರಾ? ಅಪರೂಪವಂತೆ! ಇದು ತಾಮ್ರದಷ್ಟೇ ಸಿಗುತ್ತದೆ ಅಂತ ತಂದ ಗಾಡಿಯವನೇ ಹೇಳಿದ. ನಿಮಗೆ ನಷ್ಟ. ಲಾಭದಲ್ಲಿ ಕಟ್ಟಿದ ಮನೆ ನೋಡಬೇಕಾದರೆ ಕಿಟಕಿ ತೆಗೆಸಿ, ಇಲ್ಲಿಂದಲೇ ಕಾಣುತ್ತದೆ.”

ನಂಜರಾಜನನ್ನು ಮೆಟ್ಟಿಲಲ್ಲೇ ಹಿಡಿದರು. ಮನೆ ಬೊಕ್ಕಸಕ್ಕೆ ಸೇರಿತು.

“ಅರ್ಧ ರಾಜ್ಯ ಕೇಳು” ಅಂದ ದೊರೆ.

“ನನ್ನಪ್ಪನನ್ನು ಬಿಡಿ. ಅಪ್ಪನನ್ನು ಕಳ್ಳ ಅಂದ ಬಾಯಿಂದಲೇ ಅಲ್ಲ ಅಂತ ಡಂಗುರ ಹೊಡೆಸಿ. ಇನ್ನು ದೀಪಾವಳಿಗೆ ಬೊಕ್ಕಸದ ಪಾತ್ರೆಯನ್ನೆಲ್ಲ ರಾಣಿಯಮ್ಮನೇ ತಿಕ್ಕಲಿ.”

ಭೈರಣ್ಣ ಮನೆಗೆ ಬಂದು ಮಗಳ ಕೈಯ ಬಿಸಿ ಮುದ್ದೆ ಉಂಡ. ದೀಪಾವಳಿಗೆ ರಾಣಿ ಬಳೆ ಕಳಚಿಟ್ಟು, ಹುಣಸೆಹಣ್ಣು ಹಿಡಿದು ಕುಕ್ಕರುಗಾಲಲ್ಲಿ ಕೂತಳು. ಊರಿಗೆ ಊರೇ ನೋಡಲು ಹೋಯಿತು. ಸೆಟ್ಟರ ಮಗನ ತಾಯಿ ಮಾತ್ರ ಹೋಗಲಿಲ್ಲ. ತನ್ನ ಮಗ ಯಾತಕ್ಕೆ ಸತ್ತ ಎಂಬ ಅವಳ ಒಗಟಿಗೆ ಯಾವ ದೊರೆಯೂ ಇನ್ನೂ ಉತ್ತರ ಕೊಟ್ಟಿಲ್ಲ.