ಬೆಂಚಿನ ಮೇಲಿನ ಯೋಗ

ಹೊಳೆದಂಡೆಯ ಆಶ್ರಮದಲ್ಲಿ ಶಂಭುಲಿಂಗ ಗುರುಗಳ ಹತ್ತಿರ ಪಶುಪತಿ ಅಂತ ಒಬ್ಬ ಶಿಷ್ಯ ಇದ್ದ. ಮೈಯಲ್ಲಿ ಮೂಳೆ ಇದೆಯೋ ಇಲ್ಲವೋ ಅನ್ನುವ ಹಾಗೆ ಬಾಗುತ್ತಿದ್ದ. ಅದರ ಜಂಬವೂ ಅಷ್ಟೇ ಇತ್ತು.

ಪೇಟೆಯ ಯೋಗಶಾಲೆಗೆ ಗುರುವಾಗಿ ಹೋಗಬೇಕು ಅನ್ನೋದೊಂದೇ ಅವನ ಆಸೆ. ಆ ಶಾಲೆಯ ಯಜಮಾನರು ರಾಚೋಟಪ್ಪನವರು. ಹುಣ್ಣಿಮೆಗೆ ಬಂದು, ಹುಡುಗ ಪಾಠ ಹೇಳೋದನ್ನು ಕಣ್ಣಾರೆ ನೋಡಿ ತೀರ್ಮಾನ ಮಾಡುತ್ತೇನೆ ಅಂದಿದ್ದರು.

"ಅಲ್ಲೀವರೆಗೆ ಊರಿನ ಅಜ್ಜ ಅಜ್ಜಿಯರಿಗೆ ಹೇಳಿಕೊಡು," ಅಂದರು ಗುರುಗಳು. "ಒಂದೇ ಷರತ್ತು. ನಡೆದು ಬಂದವರು ನಡೆದೇ ಮನೆಗೆ ಹೋಗಬೇಕು."

ಇಷ್ಟೇನಾ ಅಂತ ಪಶುಪತಿ ಒಳಗೊಳಗೇ ನಕ್ಕ.

ಮೊದಲನೇ ದಿನ ಅಜ್ಜ ಅಜ್ಜಿಯರೆಲ್ಲ ಮಿಂದು ಮಡಿಯುಟ್ಟು ಬಂದರು. ಪಶುಪತಿ ಅವರೆದುರು ಠೀವಿಯಿಂದ ಪದ್ಮಾಸನ ಹಾಕಿ ಕೂತ. ನಿಮಗೆ ಆದಷ್ಟು ಮಾಡಿ ಸಾಕು ಅಂತ ಬಾಯಲ್ಲಿ ಹೇಳಿದ್ದೂ ನಿಜ. ಆದರೆ ಅದನ್ನು ಕೇಳೋರು ಯಾರು? ಪಾಠ ಹೇಳೋನು ಮಾಡಿದ್ದನ್ನು ಮಾಡದಿದ್ದರೆ ಅಪಚಾರ ಅಂತ ನಂಬಿದ ಕಾಲದ ಜನ ಅವರು. ಕೆಂಚವೀರಪ್ಪ ಅನ್ನುವ ಅಜ್ಜ ಎರಡೂ ಕೈಯಲ್ಲಿ ಪಾದ ಹಿಡಿದೆಳೆದು, ಹಲ್ಲು ಕಚ್ಚಿ, ಅಂತೂ ಇಂತೂ ತೊಡೆಯ ಮೇಲೆ ಏರಿಸಿಬಿಟ್ಟ.

ಇಳಿಸೋಕೆ ಬರಲಿಲ್ಲ.

ಕೊನೆಗೆ ಅಜ್ಜನನ್ನು ಹಾಗೇ ಹಲಗೆಯ ಮೇಲಿಟ್ಟು ಹೊತ್ತುಕೊಂಡು ಹೋದರು. ದಾರಿಯಲ್ಲಿ ಹೆಂಗಸರು ಯಾವುದೋ ದೇವರು ಬಂತು ಅಂತ ಕೈ ಮುಗಿದರು. ಒಬ್ಬಾಕೆ ಕುಂಕುಮವನ್ನೂ ಇಟ್ಟಳು. ಮನೆಯಲ್ಲಿ ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಆ ಕಾಲು ಬಿಡಿಸುವ ಹೊತ್ತಿಗೆ ಎಲ್ಲರಿಗೂ ಸಾಕೋಸಾಕಾಯಿತು.

ಪಶುಪತಿಗೆ ತಲೆಯೆತ್ತಲಾರದಷ್ಟು ನಾಚಿಕೆ. ಮಾರನೇ ದಿನ ಊಟದ ಮನೆಯ ಬೆಂಚುಗಳನ್ನೆಲ್ಲ ತಾನೇ ಹೊತ್ತು ತಂದ. ಅಲುಗಾಡದ ಹಾಗೆ ಗೋಡೆಗೆ ಆನಿಸಿ ಹಾಕಿ, ಎಲ್ಲರೂ ಮೇಲೆ ಕೂತುಕೊಳ್ಳಿ ಅಂದ. ತಾನು ಮಾತ್ರ ನೆಲಕ್ಕೆ ಚಾಪೆ ಹಾಸಿ ಕೂತ. ಬೆಂಚು ಮುದುಕರಿಗೆ, ತನಗ್ಯಾಕೆ?

ಒಬ್ಬರೂ ಕೂರಲಿಲ್ಲ. ಬೇಡಿಕೊಂಡ, ಗದರಿದ, ಊಹೂಂ. ಸಾತಮ್ಮ ಅನ್ನುವ ಅಜ್ಜಿಯಂತೂ ಅದೆಲ್ಲ ಬೇಡ ಬಿಡಪ್ಪ ಅನ್ನುತ್ತ, ಗೋಡೆ ತಡವಿಕೊಂಡು ನೆಲಕ್ಕೇ ಇಳಿದಳು. ಪಾಠ ಮುಗಿದ ಮೇಲೆ ಒಬ್ಬೊಬ್ಬರನ್ನೇ ಎತ್ತಿ ನಿಲ್ಲಿಸುವಷ್ಟರಲ್ಲಿ ಪಶುಪತಿಯ ಸೊಂಟವೇ ಹಿಡಿದುಕೊಂಡಿತು.

ಸಂಜೆ ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಪಶುಪತಿ ಒಂದು ಮೆಟ್ಟಿಲು ಕೆಳಗೆ ಕೂತು ದೂರು ಶುರುಮಾಡಿದ.

"ಬರೀ ಹಠಮಾರಿಗಳು, ಗುರುಗಳೇ. ಬೆಂಚು ಹಾಕಿಕೊಟ್ಟರೂ ಕೂರೋಲ್ಲ."

ಗುರುಗಳು ಎದ್ದು ಬಂದು, ಅವನಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತರು. ಪಶುಪತಿ ಗಡಬಡಿಸಿ ಅದಕ್ಕೂ ಕೆಳಗೆ ಸರಿದ. ಗುರುಗಳು ಮತ್ತೆ ಇಳಿದರು. ಅವನೂ ಇಳಿದ. ಹೀಗೇ ಇಳಿದೂ ಇಳಿದೂ ಶಿಷ್ಯ ಎದೆಮಟ್ಟದ ನೀರಿನಲ್ಲಿ ಕೂತ. ಪಂಚೆ ತೇಲತೊಡಗಿತು.

"ಯಾಕೋ, ಮೇಲೆ ಜಾಗ ಇರಲಿಲ್ವಾ?"

"ನೀವು ಕೆಳಗೆ ಕೂತಿರುವಾಗ ನಾನು ಮೇಲೆ ಹೇಗೆ ಕೂರಲಿ, ಗುರುಗಳೇ?"

"ಹೌದಾ," ಅಂದರು ಗುರುಗಳು. "ಇನ್ನೊಂದು ಮೆಟ್ಟಿಲು ಇಳೀಲಾ?"

"ಬೇಡ, ಗುರುಗಳೇ. ಗೊತ್ತಾಯ್ತು."

ಮರುದಿನದಿಂದ ಪಶುಪತಿ ಬೆಂಚಿನ ಮೇಲೆ ಕೂತ. ನವಿಲಿನ ಹಾಗೆ ಅಂಗೈ ಮೇಲೆ ನಿಲ್ಲುವ ಮೈ, ಬೆಂಚಿನ ಮೇಲೆ ಕೂತು ಕತ್ತು ತಿರುಗಿಸುತ್ತಿದೆಯಲ್ಲ ಅಂತ ಅವನಿಗೆ ಅಳುವೇ ಬಂತು. ಆದರೆ ಅವನು ಕೂತದ್ದೇ ತಡ, ಎಲ್ಲರೂ ಕೂತರು. ಗೋಡೆ ಹಿಡಿದುಕೊಂಡು ಒಂದೊಂದೇ ಕಾಲು ಎತ್ತಿಸಿದ. ಉಸಿರು ಕಟ್ಟಬೇಡಿ, ನೋವಾದರೆ ಅಲ್ಲಿಗೇ ನಿಲ್ಲಿಸಿ ಅಂದ. ಮಿಕ್ಕಂತೆ ದಿನವೂ ಒಂದೇ ಪಾಠ. ಕೂರೋದು, ಏಳೋದು.

ಒಂದು ಬೆಳಿಗ್ಗೆ ಸಾತಮ್ಮ ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತಳು. ಎಷ್ಟೋ ವರ್ಷದಿಂದ ಸೊಸೆಯನ್ನು ಕೂಗದೆ ಎದ್ದವಳೇ ಅಲ್ಲ ಆಕೆ. ಖುಷಿಗೆ ಮತ್ತೆ ಕೂತಳು, ಎದ್ದಳು, ಕೂತಳು, ಎದ್ದಳು. ಸಾಕು ಮಾಡಮ್ಮಾ ಅಂತ ಪಶುಪತಿಯೇ ಹೋಗಿ ಹಿಡಿದು ಕೂರಿಸಬೇಕಾಯಿತು. ಅವತ್ತು ಅವನಿಗೆ ಆದ ಸಂತೋಷ ಯಾವ ಆಸನ ಕೂಡಿಬಂದಾಗಲೂ ಆಗಿರಲಿಲ್ಲ.

ಹುಣ್ಣಿಮೆ ಬಂತು, ರಾಚೋಟಪ್ಪನವರೂ ಬಂದರು. ಬೆಂಚು ತೋರಿಸಿದರೆ, ನಾನೇನು ಮುದುಕನಾ ಅಂತ ಮೀಸೆ ತಿರುವಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಪಾಠ ನೋಡುತ್ತ ನೋಡುತ್ತ ಆಕಳಿಸಿದರು.

"ಕೂತು ಏಳೋದು ನಮ್ಮನೆ ಎಮ್ಮೆಗೂ ಬರುತ್ತೆ. ಒಂದು ಮಯೂರಾಸನ ಹಾಕು ನೋಡೋಣ."

ಪಶುಪತಿಯ ರಕ್ತ ಬಿಸಿಯಾಯಿತು. ಬೆಂಚಿನಿಂದ ಇಳಿದು ನೆಲಕ್ಕೆ ಎರಡೂ ಅಂಗೈ ಊರಿದ. ಇನ್ನೇನು ಕಾಲೆತ್ತಬೇಕು, ಪಕ್ಕಕ್ಕೆ ಕಣ್ಣು ಹೋಯಿತು. ಕೆಂಚವೀರಪ್ಪನೂ ಬೆಂಚಿನಿಂದ ಇಳಿದು, ಅಂಗೈ ಊರಿ, ಹಲ್ಲು ಕಚ್ಚಿ ತಯಾರಾಗಿದ್ದ. ಅವನ ಹಿಂದೆ ಸಾತಮ್ಮ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಳು.

ಪಶುಪತಿ ಕೈ ತೆಗೆದ. ಮೆಲ್ಲಗೆ ಹೋಗಿ ಬೆಂಚಿನ ಮೇಲೆ ಕೂತ. ಅವರೂ ಹೋಗಿ ಕೂತರು.

"ನನಗೆ ಬರೋಲ್ಲ, ಯಜಮಾನರೇ," ಅಂದ.

ಇಂಥವನು ನಮ್ಮ ಶಾಲೆಗೆ ಬೇಡವೇ ಬೇಡ ಅಂತ ರಾಚೋಟಪ್ಪನವರು ಎಲ್ಲರೆದುರೇ ಹೇಳಿದರು. ನೆಲಕ್ಕೆ ಕೈಯೂರಿ ಎದ್ದು, ಹಿಂತಿರುಗಿ ನೋಡದೆ ಹೊರಟುಹೋದರು. ಅಜ್ಜ ಅಜ್ಜಿಯರು ತಮ್ಮ ಪಾಡಿಗೆ ಮಾತಾಡಿಕೊಂಡು ಮನೆಗೆ ನಡೆದರು.

ಎಲ್ಲರೂ ಹೋದ ಮೇಲೆ ಪಶುಪತಿ ಗುರುಗಳ ಮುಂದೆ ಕೂತು ಗೊಳೋ ಅಂತ ಅತ್ತುಬಿಟ್ಟ. ಬರುವ ಆಸನವನ್ನು ಬರೋಲ್ಲ ಅಂದುಬಿಟ್ಟೆನಲ್ಲ, ಇನ್ನು ಆ ಶಾಲೆಯ ಬಾಗಿಲು ನನಗೆ ಮುಚ್ಚಿದ ಹಾಗೆಯೇ ಅಂದ.

ಗುರುಗಳು ಅವನ ಬೆನ್ನು ಸವರಿದರು.

"ಚಾಪೆಯಿಂದ ಏಳುವಾಗ ಆ ಯಜಮಾನರು ‘ಅಮ್ಮಾ’ ಅಂದಿದ್ದು ಕೇಳಿಸಲಿಲ್ವೇನೋ? ಸ್ವಲ್ಪ ದಿನ ತಡಿ. ಕಲಿಯೋಕೆ ಅವರೇ ಬರ್ತಾರೆ."