ಕುಂದು ಆಡದ ವ್ರತ

ಈರಭದ್ರಪ್ಪ ಹನ್ನೊಂದು ವರ್ಷಗಳಿಂದ ಯಾರ ಕುಂದನ್ನೂ ಬಾಯಿ ಬಿಟ್ಟು ಆಡಿರಲಿಲ್ಲ.

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಒಂದು ವಾಡಿಕೆ ಇತ್ತು. ದೀಕ್ಷೆಯ ದಿನ ಗುರುಗಳು ಒಬ್ಬೊಬ್ಬ ಶಿಷ್ಯನಿಗೆ ಒಂದೊಂದು ವ್ರತ ಕೊಡುತ್ತಿದ್ದರು. ಊರವರೆಲ್ಲ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು. ಅಜ್ಜಾರು ಒಬ್ಬನಿಗೆ ಉಪ್ಪು ಬಿಡಿಸಿದರು, ಇನ್ನೊಬ್ಬನಿಗೆ ಚಪ್ಪಲಿ ಬಿಡಿಸಿದರು. ಬಾಯಿ ಚುರುಕಾಗಿದ್ದ ಈರಭದ್ರಪ್ಪನಿಗೆ, "ಮಂದಿ ಕುಂದು ಆಡೋದು ಬಿಡು" ಎಂದರು.

ಅವನು ಬಿಟ್ಟ. ಎಷ್ಟು ಬಿಟ್ಟನೆಂದರೆ, ದಲ್ಲಾಳಿಯೊಬ್ಬ ಒದೆಯುವ ಎಮ್ಮೆಯನ್ನು ಅವನ ಕೊರಳಿಗೆ ಕಟ್ಟಿ ಹೋದಾಗಲೂ, "ಎಮ್ಮಿ ಕಾಲು ಗಟ್ಟಿ ಅದಾವು" ಎಂದಷ್ಟೇ ಹೇಳಿದ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು.

ಒಂದು ಮಧ್ಯಾಹ್ನ ಅವನು ಒಂಬತ್ತು ವರ್ಷದ ಮಗಳು ದಾನೇಶ್ವರಿಯನ್ನು ಕರೆದುಕೊಂಡು ಆಶ್ರಮಕ್ಕೆ ಬಂದ. ಅವನ ಬಲಗೈಗೆ ಬಟ್ಟೆ ಸುತ್ತಿತ್ತು.

"ಅಜ್ಜಾರ, ಈಕಿಗೊಂದು ದಾರ ಮಂತ್ರಿಸಿ ಕಟ್ರಿ."

"ಏನಾಗೇತಿ?"

"ಏನಿಲ್ರಿ. ಸ್ವಲ್ಪ ಹಟಮಾರಿ ಅದಾಳ."

"ಕೈಗೇನಾಗೇತಿ?"

ಈರಭದ್ರಪ್ಪ ಕೈಯನ್ನು ಬೆನ್ನ ಹಿಂದೆ ಒಯ್ದ.

ಹುಡುಗಿ ಇಬ್ಬರನ್ನೂ ನೋಡಲಿಲ್ಲ. ದೂರದ ಬೇವಿನ ಮರದ ಬುಡಕ್ಕೆ ಹೋಗಿ ಕೂತು ಉಗುರಿನಿಂದ ಮಣ್ಣು ಕೆದರತೊಡಗಿದಳು.

"ನನ್ನ ಮುಂದ ಹೇಳಾಕ ವ್ರತ ಅಡ್ಡ ಬರತೈತೇನು?" ಎಂದರು ಅಜ್ಜಾರು.

"ಹೌದ್ರಿ."

"ಹಂಗಾದ್ರ ಹೊಳಿ ಮುಂದ ಹೇಳು. ನೀರೇನು ಮಂದಿ ಅಲ್ಲ."

ಈರಭದ್ರಪ್ಪ ಮೊಣಕಾಲು ಮಟ್ಟ ನೀರಿಗೆ ಇಳಿದ. ಅಜ್ಜಾರು ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿದರು. ಕಿವಿ ಮುಚ್ಚಲಿಲ್ಲ.

"ಈಕಿ ಸಾಲ್ಯಾಗ ಒಂದು ಹುಡುಗಿ ಕಣ್ಣಿಗೆ ಪೆನ್ಸಿಲ್ ಚುಚ್ಚಾಕ ಹೋಗಿದ್ಲು," ಎಂದು ಅವನು ನೀರಿಗೆ ಹೇಳಿದ. "ಬಣವಿಗೆ ಬೆಂಕಿ ಹಚ್ಚಾಕ ಹೋದ್ಲು. ಕಡ್ಡಿಪೆಟಿಗಿ ಕಸಗೊಂಡ್ರ ನನ್ನ ಕೈ ಕಚ್ಚಿದ್ಲು, ರಕ್ತ ಬರೂವಂಗ."

ಬಟ್ಟೆ ಸುತ್ತಿದ ಕೈಯನ್ನು ನೀರಿಗೆ ಅದ್ದಿದ. ಮತ್ತೆ ಮಾತಾಡಿದಾಗ ದನಿ ಸಣ್ಣದಾಗಿತ್ತು.

"ಹೋದ ಸೋಮವಾರ ನಮ್ಮ ತೊಟ್ಟಲದಾಗಿನ ಸಣ್ಣ ಕೂಸಿನ ಮಕದ ಮ್ಯಾಲ ಹೊದಿಯೋ ಕೌದಿ ಒತ್ತಿ ಹಿಡದಿದ್ಲು. ನಾ ಒಬ್ಬಾಂವ ನೋಡಿದೆ. ಕಿತ್ತು ಒಗದೆ. ಕೂಸು ಉಳೀತು. ಈಗ ನನ್ನ ಮಗಳನ್ನ ಕಂಡ್ರ ನನಗ ಹೆದರಿಕಿ ಬರತೈತಿ."

ಅಜ್ಜಾರು ಕಣ್ಣು ತೆರೆದರು. ಅವರಿಗೂ ಹೆದರಿಕೆಯಾಗಿತ್ತು. ಅದನ್ನು ಅವರು ಮುಚ್ಚಿಡಲಿಲ್ಲ.

"ನನ್ನ ಹಂತ್ಯಾಕ ದಾರ ಐತಿ. ಇದು ದಾರದ ಕೆಲಸ ಅಲ್ಲ. ಪಟ್ಟಣದ ಆಸ್ಪತ್ರ್ಯಾಗ ಮಕ್ಕಳ ಮನಸಿನ ಲೇಡಿ ಡಾಕ್ಟರ್ ಒಬ್ರು ಅದಾರ. ನಾಳೇನ ಕರಕೊಂಡು ಹೋಗು."

"ಊರಾಗ ಹುಚ್ಚಿ ಅಂತಾರ್ರಿ ಅಜ್ಜಾರ. ಮುಂದ ಯಾರು ಮದಿವಿ ಆಗ್ತಾರ್ರಿ?"

"ಮೊದಲ ಮನ್ಯಾಗಿನ ಎರಡೂ ಮಕ್ಕಳು ಉಳೀಲಿ."

ಮೂರನೆಯ ದಿನ ಈರಭದ್ರಪ್ಪ ಒಬ್ಬನೇ ಬಂದ. ಕೈಯಲ್ಲಿ ಆಸ್ಪತ್ರೆಯ ಚೀಟಿ ಇತ್ತು. ಮುಖ ಹಗುರಾಗಿತ್ತು.

"ನಿನ್ನೆ ಹೋಗಿ ಬಂದ್ವಿರಿ. ಡಾಕ್ಟರ್ ಬಾಯಾರು ಭಾಳ ಚಲೋ ಅದಾರ."

"ಏನ್ ಕೇಳಿದ್ರು?"

"ಯಾರಿಗರ ಪೆಟ್ಟು ಮಾಡ್ತಾಳೇನು ಅಂತ ಕೇಳಿದ್ರು. ಮೂರು ಸಲ ಕೇಳಿದ್ರು."

"ನೀ ಏನಂದಿ?"

"ಶ್ಯಾಣ್ಯಾಕಿ ಅದಾಳ್ರಿ, ಸ್ವಲ್ಪ ಹಟ ಅಷ್ಟ ಅಂದೆ. ನನ್ನ ಕೈ ನೋಡಿ ಕೇಳಿದ್ರು, ಬಾಗಲಾ ಬಡೀತು ಅಂದೆ. ಮೂರು ತಿಂಗಳು ಬಿಟ್ಟು ತೋರಸ್ರಿ ಅಂದ್ರು. ವ್ರತ ಮುರೀಲಿಲ್ರಿ ಅಜ್ಜಾರ!"

ಶಭಾಸ್ ಎನ್ನಲಿ ಎಂದು ಅವನು ಕಾದ. ಅಜ್ಜಾರು ಅವನನ್ನೇ ನೋಡಿದರು.

"ವ್ರತ ಉಳೀತು ಅಂತ ಖುಷಿನೋ, ಹೇಳೋದು ತಪ್ಪಿತು ಅಂತ ಖುಷಿನೋ?"

ಈರಭದ್ರಪ್ಪ ಚೀಟಿಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

ಕೆಳಗೆ ಹೊಳೆಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅಜ್ಜಾರ ಕಣ್ಣು ಅಲ್ಲಿಗೆ ಹೋಯಿತು.

"ಅಲ್ಲಿ ಅರಿವಿ ಒಗಿಯಾಕಿ ನಿನ್ನ ಹೆಂಡತಿ ಕಸ್ತೂರವ್ವ ಅಲ್ಲೇನು?"

"ಹೌದ್ರಿ."

"ಕೂಸು?"

"ಮನ್ಯಾಗ ಮಲಗೇತ್ರಿ."

"ಅದರ ಹಂತ್ಯಾಕ ಯಾರದಾರ?"

ಈರಭದ್ರಪ್ಪ ತಟ್ಟನೆ ಮನೆಯ ಕಡೆ ತಿರುಗಿ ನೋಡಿದ.

"ಕೌದಿ ವಿಷಯ ಕಸ್ತೂರವ್ವಗ ಹೇಳಿಯೇನು?"

"ಇಲ್ರಿ. ವ್ರತ..."

ಅಜ್ಜಾರು ಎದ್ದು ಓಡಿದರು. ಎಪ್ಪತ್ತು ದಾಟಿದ ಆ ಜೀವ ಓಡಿದ್ದನ್ನು ಊರು ಅಲ್ಲಿಯವರೆಗೆ ಕಂಡಿರಲಿಲ್ಲ. ಈರಭದ್ರಪ್ಪ ಅವರನ್ನು ದಾಟಿ ಓಡಿದ. ಕಲ್ಲು ಎಡವಿ ಬಿದ್ದ, ಎದ್ದು ಮತ್ತೆ ಓಡಿದ. ಯಾರೋ ಏನಾಯಿತೆಂದು ಕೂಗಿ ಕೇಳಿದರು, ಅವನಿಗೆ ಕೇಳಿಸಲಿಲ್ಲ. ಕೌದಿಯೊಂದೇ ಕಣ್ಣ ಮುಂದಿತ್ತು.

ಓಣಿಯ ತಿರುವಿನಲ್ಲಿ ಕೂಸಿನ ಅಳು ಕೇಳಿದ್ದರೆ ಅವನಿಗೆ ಹೋದ ಜೀವ ಬರುತ್ತಿತ್ತು. ಮನೆಯಿಂದ ಏನೂ ಸದ್ದಿರಲಿಲ್ಲ.

ದಾನೇಶ್ವರಿ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟು ಅವುಗಳ ಮೇಲೆ ಕೂತಿದ್ದಳು. ಅವಳ ಹಿಂದೆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು.

"ಕೂಸೆಲ್ಲಿ?" ಎಂದು ಅವನು ಚೀರಿದ.

"ಒಳಗ."

ಅವನು ಚಿಲಕ ತೆಗೆಯದೆ ಬಾಗಿಲನ್ನೇ ದೂಡತೊಡಗಿದ. ಏದುಸಿರು ಬಿಡುತ್ತ ಬಂದ ಅಜ್ಜಾರೇ ಬಾಗಿಲು ತೆಗೆದರು. ಈರಭದ್ರಪ್ಪ ತೊಟ್ಟಿಲಿಗೆ ಬಾಗಿ ಕೂಸಿನ ಮೂಗಿಗೆ ಬೆರಳು ಹಿಡಿದ.

ಬೆಚ್ಚಗೆ ಉಸಿರು ತಾಗಿತು. ಕೂಸು ನಿದ್ದೆ ಮಾಡುತ್ತಿತ್ತು.

ಅಜ್ಜಾರು ಹೊರಗೆ ಬಂದು ಹುಡುಗಿಯ ಪಕ್ಕ ಕೂತರು.

"ಚಿಲಕ ಯಾರು ಹಾಕಿದ್ರವ್ವಾ?"

"ನಾನ."

"ಯಾಕವ್ವಾ?"

"ಸಿಟ್ಟು ಬರಾಕ ಹತ್ತಿತ್ರಿ. ಒಳಗ ಇದ್ರ ಏನರ ಮಾಡಿಬಿಡ್ತಿದ್ದೆ." ಅವಳು ಕೈಗಳನ್ನು ಹೊರಗೆ ತೆಗೆಯಲಿಲ್ಲ. "ನಿನ್ನೆ ಡಾಕ್ಟರ್ ಬಾಯಾರ ಮುಂದ ಅಪ್ಪ ಹೇಳ್ತಾನ ಅಂತ ಕಾಯ್ದೆ. ಹೇಳಲೇ ಇಲ್ಲ."

ಕೂಸನ್ನು ಎತ್ತಿಕೊಂಡು ಹೊಸ್ತಿಲಿಗೆ ಬಂದಿದ್ದ ಈರಭದ್ರಪ್ಪ ಅಲ್ಲೇ ಕುಸಿದು ಕೂತ. ದೊಡ್ಡ ದನಿ ತೆಗೆದು ಅತ್ತ. ಅಪ್ಪ ಅಳುವುದನ್ನು ಮಗಳು ಮೊದಲ ಸಲ ನೋಡಿದಳು.

ಅಷ್ಟರಲ್ಲಿ ಕಸ್ತೂರವ್ವ ಓಡಿ ಬಂದಳು. ಇವರಿಬ್ಬರೂ ಓಡಿದ್ದನ್ನು ಕಂಡು ಬಟ್ಟೆಯನ್ನೆಲ್ಲ ಹೊಳೆಯಲ್ಲೇ ಬಿಟ್ಟು ಬಂದಿದ್ದಳು. ಗಂಡನನ್ನು ನೋಡಿದಳು, ಕೂಸನ್ನು ನೋಡಿದಳು, ಮಗಳನ್ನು ನೋಡಿದಳು.

"ಏನಾತ್ರಿ? ಯಾರರ ಹೇಳ್ರಿ, ಏನಾತು?"

ಈರಭದ್ರಪ್ಪ ಅಜ್ಜಾರ ಕಡೆ ತಿರುಗಿದ.

"ಹೆಂಗ ಹೇಳ್ಲಿ ಅಜ್ಜಾರ? ನನ್ನ ಮಗಳರಿ ಅಕಿ. ಬಾಯಿ ಬರವಲ್ತು."

ಅಜ್ಜಾರು ದಾನೇಶ್ವರಿಯ ತೊಡೆಯ ಕೆಳಗಿನಿಂದ ಒಂದು ಕೈಯನ್ನು ಮೆಲ್ಲಗೆ ಬಿಡಿಸಿ ತಮ್ಮ ಕೈಯಲ್ಲಿ ಹಿಡಿದುಕೊಂಡರು.

"ಈಗ ಹೆಂಡತಿಗೆ ಹೇಳು. ನಾಳೆ ಮೊದಲನೇ ಬಸ್ಸಿಗೆ ನಾನೂ ಬರ್ತೀನಿ, ಡಾಕ್ಟರ್ ಬಾಯಾರಿಗೆ ಹೇಳು. ಬಾಯಿ ಬರಲಿಲ್ಲ ಅಂದ್ರ ನನ್ನ ಕುಂದಿನಿಂದ ಶುರು ಮಾಡು. ಹೊಳಿ ಮುಂದ ಹೇಳಿಸಿ, ವ್ರತ ಬಿಡಿಸಲಾರದ ಸುಮ್ಮನ ಕುಂತ, ಈ ಮುದುಕ ತಪ್ಪಿದ ಅನ್ನು."