ನಾಯಕರು ಕೆಳಗಿಟ್ಟ ತುತ್ತು

"ಎದುರಿಗಿರುವವನಿಗೆ ನೋವಾಗುತ್ತಿದೆ ಎಂದು ಸಾಧಿಸಿ ತೋರಿಸುವವನು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ," ಎಂದು ಅಹೋಬಲ ಪಂಡಿತರು ಬಿಲ್ಲಗಾನದುರ್ಗದ ಆಸ್ಥಾನದಲ್ಲಿ ಸವಾಲು ಹಾಕಿದರು.

ಪಾಳೆಯಗಾರ ಮುದ್ದಪ್ಪನಾಯಕರು ವೀಳ್ಯ ಮೆಲ್ಲುತ್ತ ಕೇಳಿದರು, "ಅವನೇ ಅಯ್ಯೋ ಎಂದು ಕೂಗಿದರೆ?"

"ಕೂಗು ಕೇಳಿಸುತ್ತದೆ ಪ್ರಭು, ನೋವು ಕೇಳಿಸುತ್ತದೆಯೇ? ಬಾಗಿಲೂ ಕಿರುಗುಟ್ಟುತ್ತದೆ. ಅದಕ್ಕೆ ನೋವೆಂದು ಯಾರಾದರೂ ಎಣ್ಣೆ ಬಿಡುತ್ತಾರೆಯೇ? ನಮ್ಮ ಕಿವಿಗೆ ಕಾಟವೆಂದು ಬಿಡುತ್ತೇವೆ."

ಈ ಮಾತು ನಾಯಕರಿಗೆ ಬಹಳ ಹಿಡಿಸಿತು. ಹಿಡಿಸಲು ಕಾರಣವೂ ಇತ್ತು. ಆಗ ಕೋಟೆಯ ಗೋಡೆ ಕಟ್ಟಿಸುತ್ತಿದ್ದರು. ಬೇಸಗೆಯಲ್ಲಿ ಗುಡ್ಡದಿಂದ ಕಲ್ಲು ಹೊರುವವರಿಗೆ ದಾರಿಯಲ್ಲಿ ಒಂದು ಅರವಟ್ಟಿಗೆಯಿತ್ತು. ಅರಮನೆಯ ಮೊಸರೆಲ್ಲ ಮಜ್ಜಿಗೆಯಾಗಿ ಅಲ್ಲಿಗೇ ಹೋಗುತ್ತಿತ್ತು.

"ಅವರ ಬಾಯಾರಿಕೆಯನ್ನು ಕಂಡವರು ಯಾರು?" ಎಂದು ನಾಯಕರು ಅರವಟ್ಟಿಗೆ ಮುಚ್ಚಿಸಿಬಿಟ್ಟರು.

ಭಗವಂತ ಬಾಯಾರಿಕೆಯನ್ನು ಅವರವರ ಗಂಟಲೊಳಗೇ ಇಟ್ಟಿದ್ದಾನೆ, ಹೊರಗೆ ಕಾಣುವ ಹಾಗೆ ಇಟ್ಟಿಲ್ಲ. ಯಾಕೆ ಹಾಗೆ ಮಾಡಿದನೋ ಅವನೇ ಬಲ್ಲ.

ಕಲ್ಲು ಹೊರುವ ಹನುಮಕ್ಕ ತಿಪ್ಪರಸನ ಮನೆಗೆ ಬಂದಳು. ನಾಯಕರಿಗೆ ಎದುರು ಮಾತಾಡುವ ಸಲುಗೆ ಆಸ್ಥಾನದಲ್ಲಿ ಇದ್ದದ್ದು ತಿಪ್ಪರಸನೊಬ್ಬನಿಗೇ.

"ನನ್ನ ಗಂಡ ಬಿಸಿಲಿಗೆ ಬಿದ್ದುಬಿಟ್ಟ ಬುದ್ಧಿ. ನೀರು ನೀರು ಅಂದ. ಹಾಗಂದರೂ ಬಾಯಾರಿಕೆ ಅನ್ನೋಕಾಗಲ್ಲವಂತೆ. ಮತ್ತೆ ಹೇಗೆ ಹೇಳಬೇಕು, ನೀವೇ ಹೇಳಿ."

"ನೀನು ಹೇಳಬೇಡ ತಾಯಿ," ಎಂದ ತಿಪ್ಪರಸ. "ಗಿರಿಯಣ್ಣ ಹೇಳುತ್ತಾನೆ."

ಗಿರಿಯಣ್ಣನೆಂದರೆ ಅರಮನೆಯಲ್ಲಿ ರುಚಿ ನೋಡುವವನು. ನಾಯಕರ ಅಡುಗೆಯನ್ನು ಮೊದಲು ಅವನು ಉಣ್ಣಬೇಕು. ಉಂಡು ಎದುರಿಗೇ ಕೂತಿರಬೇಕು. ವಿಷಗಿಷ ಇಲ್ಲವೆಂದು ಖಾತ್ರಿಯಾದ ಮೇಲೆಯೇ ನಾಯಕರು ತುತ್ತೆತ್ತುವುದು.

ಮರುದಿನ ಪಂಕ್ತಿಯಲ್ಲಿ ಪಂಡಿತರೂ ಇದ್ದರು. ಗಿರಿಯಣ್ಣ ಹುಳಿಯನ್ನ ಉಂಡು ಕೂತ. ನಾಯಕರು ತುತ್ತು ಕಲೆಸಿ ಬಾಯಿಯ ಹತ್ತಿರ ತಂದರು. ಅಷ್ಟರಲ್ಲಿ ಅವನು ಹೊಟ್ಟೆ ಹಿಡಿದುಕೊಂಡು ಹೊರಳಾಡತೊಡಗಿದ.

ತುತ್ತು ಎಲೆಗೆ ಇಳಿಯಿತು.

"ಊಟ ಮಾಡಿ ಪ್ರಭು, ಆರಿಹೋಗುತ್ತದೆ," ಎಂದ ತಿಪ್ಪರಸ.

"ಕಣ್ಣು ಕಾಣುವುದಿಲ್ಲವೇನಯ್ಯ? ಅವನಿಗೆ ಹೊಟ್ಟೆನೋವು."

"ಹೊರಳುವುದು ಕಾಣುತ್ತದೆ. ನೋವೆಲ್ಲಿ ಕಾಣುತ್ತದೆ? ಗಾಡಿಯ ಚಕ್ರವೂ ಹೊರಳುತ್ತದೆ. ಪಂಡಿತರೇ, ತಾವಾದರೂ ಒಂದು ತುತ್ತು ತಿಂದು ಪ್ರಭುಗಳಿಗೆ ಧೈರ್ಯ ಹೇಳಿ."

ಪಂಡಿತರು ಎಲೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರು. "ನನಗೆ ಇವತ್ತು ಏಕಾದಶಿ."

"ಏಕಾದಶಿ ಮೊನ್ನೆಯೇ ಆಯಿತಲ್ಲ ಸ್ವಾಮಿ. ನಿನ್ನೆ ನಮ್ಮ ಮನೆಯಲ್ಲೇ ಪಾರಣೆ ಮಾಡಿದಿರಿ. ಅಗಸೆ ಸೊಪ್ಪಿನ ಪಲ್ಯವನ್ನು ಇನ್ನೊಮ್ಮೆ ಕೇಳಿ ಬಡಿಸಿಕೊಂಡಿರಿ."

ಪಂಡಿತರಿಗೆ ಕೆಮ್ಮು ಬಂತು.

ಆಗ ತಿಪ್ಪರಸ ಗಿರಿಯಣ್ಣ ಬಿಟ್ಟಿದ್ದ ಹುಳಿಯನ್ನವನ್ನು ತಾನೇ ತೆಗೆದುಕೊಂಡು ನಿಧಾನವಾಗಿ ಉಂಡ. "ಉಪ್ಪು ಸ್ವಲ್ಪ ಮುಂದು," ಎಂದ. "ಸಾಕು ಏಳಪ್ಪ ಗಿರಿಯಣ್ಣ."

ಗಿರಿಯಣ್ಣ ಎದ್ದು ಪಂಚೆ ಕೊಡವಿಕೊಂಡ.

ನಾಯಕರ ಮುಖ ಕೆಂಪಾಯಿತು. "ಹಾಗಾದರೆ ಅವನ ನೋವು ಸುಳ್ಳು. ಪಂಡಿತರು ಹೇಳಿದ್ದೇ ನಿಜವಾಯಿತಲ್ಲ. ನಿನ್ನ ಬಲೆಗೆ ನೀನೇ ಬಿದ್ದೆ ತಿಪ್ಪರಸ. ತಲೆ ಉಳಿಯಬೇಕಾದರೆ ಉತ್ತರ ಕೊಡು."

ಪಂಡಿತರ ಕೆಮ್ಮು ನಿಂತಿತು.

"ಪಂಡಿತರ ಮಾತು ನಿಜವೇ ಪ್ರಭು," ಎಂದು ತಿಪ್ಪರಸ ಕೈಮುಗಿದ. "ಆದರೆ ತುತ್ತು ಕೆಳಗಿಡುವಾಗ ಆ ನೋವು ನಿಜವೋ ಸುಳ್ಳೋ ತಮಗೆ ಗೊತ್ತಿತ್ತೇ?"

"ಇಲ್ಲ."

"ಗೊತ್ತಿಲ್ಲದೆಯೇ ತಮ್ಮ ಹೊಟ್ಟೆಯನ್ನು ಕಾಪಾಡಿಕೊಂಡಿರಿ. ಕಲ್ಲು ಹೊರುವ ಹನುಮಕ್ಕನ ಗಂಡನ ಬಾಯಾರಿಕೆಯೂ ತಮಗೆ ಗೊತ್ತಿರಲಿಲ್ಲ. ಅಲ್ಲಿ ಮಾತ್ರ ಮಜ್ಜಿಗೆಯ ಗಡಿಗೆಯನ್ನು ಬೋರಲು ಹಾಕಿಸಿದಿರಿ. ಇದ್ದದ್ದು ಒಂದೇ ಅನುಮಾನ. ಅದು ಅರಮನೆಯಲ್ಲಿ ಪ್ರಾಣ ಕಾಯಿತು, ಗುಡ್ಡದ ಮೇಲೆ ಪ್ರಾಣ ಹಿಂಡುತ್ತಿದೆ."

ನಾಯಕರು ಎಲೆಯ ಮೇಲಿದ್ದ ತುತ್ತನ್ನು ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. ಅರವಟ್ಟಿಗೆ ಅಂದೇ ತೆರೆಯಿತು. ತಿಪ್ಪರಸನಿಗೆ ಶಾಲು ಸಿಕ್ಕಿತು, ಗಿರಿಯಣ್ಣನಿಗೆ ಚೆನ್ನಾಗಿ ಹೊರಳಿದ್ದಕ್ಕೆ ಹೊಸ ಪಂಚೆ ಸಿಕ್ಕಿತು.

ಎಲ್ಲರೂ ಊಟಕ್ಕೆ ಕೈಹಚ್ಚಿದಾಗ ಪಂಡಿತರು ಮೆಲ್ಲಗೆ, "ತಿಪ್ಪರಸ, ನನಗೂ ಹಸಿವು," ಎಂದರು.

"ಇದೆಯೋ ಇಲ್ಲವೋ ನಮಗೆ ಹೇಗೆ ಗೊತ್ತಾಗಬೇಕು ಸ್ವಾಮಿ?" ಎನ್ನುತ್ತ ತಿಪ್ಪರಸ ಎಲೆಯನ್ನು ಮತ್ತೆ ಅವರ ಹತ್ತಿರಕ್ಕೆ ಸರಿಸಿದ. "ಆದರೂ ಬಡಿಸುತ್ತೇವೆ, ಕೂತುಕೊಳ್ಳಿ."